ಮನೆಗೆ ಬಂದು ರಕ್ತ ತಗೊಳ್ಳೋ ಲ್ಯಾಬ್: ಕೆಲಸ ಚೆನ್ನಾಗಿದೆ, ರಿಪೋರ್ಟ್ ಹೆದರಿಸುತ್ತೆ

ಐದಕ್ಕೆ ಮೂರು ಸ್ಟಾರ್. ಆ ಮೂರೂ ರಕ್ತ ತಗೊಳ್ಳಲು ಬಂದ ಹುಡುಗಿಗೆ. ಲ್ಯಾಬ್ ಹೆಸರು ಹಾಕಲ್ಲ, ಬೆಂಗಳೂರಲ್ಲಿ ಇರೋರಿಗೆ ಇಂಥವು ಹತ್ತು ಗೊತ್ತಿರುತ್ತವೆ.

ಮಗನಿಗೆ ಮೂರು ವರ್ಷ. ನಾಲ್ಕು ದಿನ ಜ್ವರ, ಪ್ಯಾರಾಸಿಟಮಾಲ್ ಕೊಟ್ಟರೂ ಇಳಿಯಲಿಲ್ಲ. ಡೆಂಗ್ಯೂ ಇರಬಹುದು ಅಂತ ಬುಕ್ ಮಾಡಿದೆವು. ಬೆಳಿಗ್ಗೆ ಏಳು ಅಂದಿದ್ದರು, ಏಳಕ್ಕೇ ಬಂದರು. ಒಂದೇ ಸಲಕ್ಕೆ ನರ ಸಿಕ್ಕಿತು, ಮೇಲೊಂದು ಡೈನೋಸಾರ್ ಪ್ಲಾಸ್ಟರ್. ಮಧ್ಯಾಹ್ನಕ್ಕೆ ರಿಪೋರ್ಟ್: ಡೆಂಗ್ಯೂ ನೆಗೆಟಿವ್, ಬಿಳಿ ರಕ್ತಕಣ 18,600, ಅದರಲ್ಲಿ ನ್ಯೂಟ್ರೋಫಿಲ್ 78%, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ಹೇಳೋ ಸಿಆರ್‌ಪಿ 96. ಎಲ್ಲಾ ಕೆಂಪಕ್ಷರ. ಕೆಳಗೊಂದು ಸಾಲು, ಬ್ಯಾಕ್ಟೀರಿಯಾ ಸೋಂಕು ಇರಬಹುದು ಅಂತ. ಅದನ್ನೇ ನಂಬಿ ಕೂತಿದ್ದರೆ?

ಮಾರನೇ ದಿನ ಮಕ್ಕಳ ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಮಗೂನ ನೋಡಿದರು. ಕಣ್ಣು ಕೆಂಪು, ಆದರೆ ಪಿಚ್ಚಿಲ್ಲ. ತುಟಿ ಒಡೆದಿದೆ, ನಾಲಿಗೆ ಸ್ಟ್ರಾಬೆರಿ ಥರ, ಮೈಮೇಲೆ ಗಂಧೆ, ಪಾದ ಊದಿದೆ. ಆಮೇಲೆ ಎಡತೋಳು ತಿರುಗಿಸಿ, ಹುಟ್ಟಿದಾಗ ಹಾಕಿಸಿದ ಬಿಸಿಜಿ ಕಲೆ ನೋಡಿದರು. ಅದರ ಸುತ್ತ ಕೆಂಪಗೆ ಎದ್ದಿತ್ತು, ನಾವು ಸೊಳ್ಳೆ ಕಚ್ಚಿದೆ ಅಂದುಕೊಂಡಿದ್ದೆವು. "ಇದು ಕವಾಸಾಕಿ" ಅಂದರು. ನನಗೆ ಗೊತ್ತಿದ್ದದ್ದು ಬೈಕು ಮಾತ್ರ! ಟೊಮಿಸಾಕು ಕವಾಸಾಕಿ ಅನ್ನೋ ಜಪಾನಿನ ಡಾಕ್ಟರ್ 1967ರಲ್ಲಿ 50 ಮಕ್ಕಳ ಬಗ್ಗೆ ಬರೆದು ತೋರಿಸಿದ ಕಾಯಿಲೆಯಂತೆ. ರೋಗಾಣು ಜೊತೆ ಹೊಡೆದಾಡಬೇಕಾದ ಬಿಳಿ ರಕ್ತಕಣಗಳು ಸ್ವಂತ ರಕ್ತನಾಳದ ಗೋಡೆ ಮೇಲೇ ಬೀಳುತ್ತವೆ. ಮೊದಲು ನ್ಯೂಟ್ರೋಫಿಲ್ ನುಗ್ಗುತ್ತವೆ, ಹಿಂದೆ ಮಾನೊಸೈಟ್, ಟಿ ಕಣಗಳು, ಇವುಗಳಿಗೆ ಮೂಗುದಾರ ಹಾಕುವ ಇನ್ನೊಂದು ಬಗೆಯ ಟಿ ಕಣಗಳು ಮಾತ್ರ ಆ ಹೊತ್ತಿಗೇ ಕಮ್ಮಿಯಾಗಿರುತ್ತವೆ. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಕೊರೊನರಿ ನಾಳ ಉಬ್ಬುತ್ತದೆ. ಜ್ವರ ಶುರುವಾಗಿ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ನರದ ಮೂಲಕ ಹೋಗಬೇಕು, ಕೆಜಿಗೆ 2 ಗ್ರಾಂ. ಇವನು 14 ಕೆಜಿ. ರಾತ್ರಿಯಿಡೀ ಹನಿ ಹನಿಯಾಗಿ 28 ಗ್ರಾಂ ಇಳಿಯಿತು. ಬೆಳಿಗ್ಗೆ ಜ್ವರ ಇಲ್ಲ, ಇಡ್ಲಿ ಕೇಳಿದ.

ಎರಡು ವಾರ ಬಿಟ್ಟು ಮತ್ತೆ ಅದೇ ಲ್ಯಾಬ್. ಈ ಸಲ ಪ್ಲೇಟ್ಲೆಟ್ 8.2 ಲಕ್ಷ. ರಾತ್ರಿ ಹತ್ತಕ್ಕೆ ಫೋನ್: "ಕ್ರಿಟಿಕಲ್ ವ್ಯಾಲ್ಯೂ, ತಕ್ಷಣ ಡಾಕ್ಟರನ್ನ ನೋಡಿ." ಪ್ಲೇಟ್ಲೆಟ್ ಇಳಿಯೋದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಪಪ್ಪಾಯ ಎಲೆ ಹುಡುಕಿಕೊಂಡು ಓಡ್ತೀವಿ. ಏರಿದರೆ ಏನು ಮಾಡೋದು? ಹೆಂಡತಿ ಅತ್ತೇ ಬಿಟ್ಟಳು. ಡಾಕ್ಟರ್ ಮಾತ್ರ ನಿದ್ದೆಗಣ್ಣಲ್ಲೇ, "ಎರಡನೇ, ಮೂರನೇ ವಾರಕ್ಕೆ ಏರೋದೇ, ರಕ್ತ ಹೆಪ್ಪುಗಟ್ಟದಿರಲಿ ಅಂತಲೇ ಆಸ್ಪಿರಿನ್ ಕೊಟ್ಟಿರೋದು, ಮಲಗಿ" ಅಂದರು. ಆ ವಾರವೇ ಬೆರಳ ತುದಿಯ ಸಿಪ್ಪೆ ಸುಲಿಯುತ್ತಿತ್ತು, ಅದೂ ಈ ಕಾಯಿಲೆಯ ಲೆಕ್ಕದಲ್ಲೇ ಬರುತ್ತದಂತೆ.

ಇನ್ನೊಂದು ದೂರು: ಪ್ಯಾಕೇಜಿನಲ್ಲಿ ಇಎಸ್‌ಆರ್ (ಉರಿಯೂತ ಅಳೆಯೋ ಇನ್ನೊಂದು ಪರೀಕ್ಷೆ) ಬೇಡ ಅಂದರೂ ತೆಗೆಯಲ್ಲ. ಇಮ್ಯುನೊಗ್ಲೋಬ್ಯುಲಿನ್ ಹೋದ ಮೇಲೆ ಅದು ತಾನಾಗೇ ಜಾಸ್ತಿ ಬರುತ್ತದೆ, ನೋಡಿ ಪ್ರಯೋಜನವಿಲ್ಲ. ದುಡ್ಡು ದಂಡ, ಅಲ್ವಾ?

ಎರಡು ತಿಂಗಳಿಗೆ ಮೂರನೇ ಸಲ. ಪ್ಲೇಟ್ಲೆಟ್ 3.4 ಲಕ್ಷ, ಕೆಂಪಕ್ಷರ ಒಂದೂ ಇಲ್ಲ, ಹೃದಯದ ಸ್ಕ್ಯಾನ್ ಎಕೋ ಕೂಡ ಸರಿ ಇದೆ. ಅದೇ ಹುಡುಗಿ ಬಂದಿದ್ದರು, ಇವನೇ ಕೈ ಚಾಚಿದ, ಡೈನೋಸಾರ್ ಪ್ಲಾಸ್ಟರ್ ಮೊದಲು ತೋರಿಸಬೇಕು ಅನ್ನೋ ಷರತ್ತಿನ ಮೇಲೆ.

ಲ್ಯಾಬಿನವರು ಓದ್ತಿದ್ದರೆ, ಬುಕ್ ಮಾಡುವಾಗ ಏನು ಕಾಯಿಲೆ, ಎಷ್ಟನೇ ದಿನ ಅಂತ ಬರೆಯೋಕೆ ಒಂದು ಜಾಗ ಇಡಿ. ನಾಲ್ಕನೇ ಸ್ಟಾರ್ ಅವತ್ತು ಕೊಡ್ತೀನಿ.