ಮಗಳ ಉಬ್ಬು ಹಲ್ಲಿಗೆ ಮಾಡಿಸಿದ ಚಿಕಿತ್ಸೆ: ನಮ್ಮ ಅನುಭವ

ಮಗಳ ಮೇಲಿನ ಮುಂದಿನ ಹಲ್ಲುಗಳು ತುಂಬಾ ಮುಂದೆ ಬಂದಿದ್ದವು. ತುಟಿ ಮುಚ್ಚುವುದಕ್ಕೇ ಕಷ್ಟ. 12ನೇ ವಯಸ್ಸಿನಲ್ಲಿ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ದಂತವೈದ್ಯರು) ಹತ್ತಿರ ಕರೆದುಕೊಂಡು ಹೋದೆವು, ಈಗ ಚಿಕಿತ್ಸೆ ಮುಗಿದಿದೆ.

ಡಾಕ್ಟರ್ ಬಗ್ಗೆ ನನಗೆ ತುಂಬಾ ಇಷ್ಟವಾಗಿದ್ದು ಒಂದೇ, ಅವರು ನೋಡಿದ ತಕ್ಷಣ ಕ್ಲಿಪ್ ಹಾಕೋಣ ಅನ್ನಲಿಲ್ಲ. ಹಲ್ಲಿನ ಅಚ್ಚು, ಫೋಟೋ, ಮುಖದ ಪಕ್ಕದಿಂದ ಎಕ್ಸ್‌ರೇ ಎಲ್ಲ ತೆಗೆದು, ಮೇಲಿನ ಹಲ್ಲಿಗೂ ಕೆಳಗಿನದಕ್ಕೂ 2–3 ಮಿ.ಮೀ. ಅಂತರ ಸಹಜ, ಇವಳಿಗೆ 9 ಇದೆ, ಆದರೆ ಹಲ್ಲಿಗಿಂತ ಜಾಸ್ತಿ ಕೆಳದವಡೆ ಹಿಂದೆ ಉಳಿದಿರುವುದೇ ಕಾರಣ ಅಂತ ತೋರಿಸಿ ಹೇಳಿದರು. ಬೆಳೆಯುವ ವಯಸ್ಸು ಅಲ್ವಾ, ಅದಕ್ಕೆ ಮೊದಲು ಟ್ವಿನ್ ಬ್ಲಾಕ್ ಕೊಟ್ಟರು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ, ತೆಗೆದು ಹಾಕಬಹುದಾದ ಸಾಧನ ಅದು. ಮೊದಲ ವಾರ ಮಾತು ತೊದಲುತ್ತಿತ್ತು, ಜೊಲ್ಲು ಬರುತ್ತಿತ್ತು. ಪಾಪ, ಅತ್ತೂ ಬಿಟ್ಟಳು. ಆಮೇಲೆ ಒಗ್ಗಿಕೊಂಡಳು. ನಂತರ ಕ್ಲಿಪ್. ಹಲ್ಲು ಕೀಳುವ ಅಗತ್ಯ ಬರಲಿಲ್ಲ. ಬೆಳವಣಿಗೆ ಮುಗಿದವರಿಗೆ ಈ ದಾರಿ ಇಲ್ಲ, ಕೆಲವರಿಗೆ ದವಡೆ ಹಲ್ಲಿನ ಮುಂದಿರುವ ಚಿಕ್ಕ ಹಲ್ಲು ಕಿತ್ತು ಜಾಗ ಮಾಡಬೇಕಾಗುತ್ತದೆ.

ಒಂದು ಬೇಸರ ಇದೆ. ಕ್ಲಿಪ್ ತೆಗೆದ ದಿನ ರಿಟೇನರ್ (ಸರಿಹೋದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ) ಕೈಗೆ ಕೊಟ್ಟು ಸುಮ್ನೆ ಕಳಿಸಿಬಿಟ್ಟರು. ಅದು ಎಷ್ಟು ಮುಖ್ಯ ಅಂತ ಒತ್ತಿ ಹೇಳಲಿಲ್ಲ. ಇವಳು ಎರಡು ವಾರ ಹಾಕಲಿಲ್ಲ, ಆಮೇಲೆ ನೋಡಿದರೆ ಅದು ಬಿಗಿಯಾಗಿತ್ತು, ಹಲ್ಲು ಸ್ವಲ್ಪ ಸರಿದಿತ್ತು. ಈಗ ರಾತ್ರಿ ತಪ್ಪದೆ ಹಾಕಿಸುತ್ತೇನೆ. ನಿಮ್ಮ ಮಕ್ಕಳಿಗೆ ಮಾಡಿಸುವುದಾದರೆ ರಿಟೇನರ್ ಬಗ್ಗೆ ಮೊದಲೇ ಕೇಳಿಕೊಳ್ಳಿ.