ನರಹುಲಿಗೆ ಆಮ್ಲವೇ, ಶೈತ್ಯವೇ, ಎರಡೂ ಸೇರಿಯೇ?

ನನ್ನ ಹಿಮ್ಮಡಿಯಲ್ಲಿದ್ದ ಗಂಟನ್ನು ಬಹುಕಾಲ ಆಣಿಯೆಂದೇ ನಂಬಿದ್ದೆ. ಆಣಿ ನೇರವಾಗಿ ಒತ್ತಿದಾಗ ನೋಯುತ್ತದೆ, ನರಹುಲಿ ಎರಡೂ ಪಕ್ಕಗಳಿಂದ ಹಿಂಡಿದಾಗ ಹೆಚ್ಚು ನೋಯುತ್ತದೆ ಎಂದು ಚರ್ಮವೈದ್ಯರು ಹಿಂಡಿ ತೋರಿಸಿದರು. ಮೇಲ್ಪದರ ಹೆರೆದಾಗ ಕಂಡ ಕಪ್ಪು ಚುಕ್ಕೆಗಳು, ಅಂದರೆ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು, ಉಳಿದ ಸಂದೇಹವನ್ನೂ ಕಳೆದವು. ಆಗ ಬೆರಳಿನ ಹಿಂಬದಿಯಲ್ಲೂ ಚಿಕ್ಕದೊಂದು ನರಹುಲಿ ಇದ್ದುದರಿಂದ, ಒಂದೇ ದೇಹದ ಎರಡು ಬಗೆಯ ಚರ್ಮದಲ್ಲಿ ಚಿಕಿತ್ಸೆಗಳನ್ನು ಹೋಲಿಸುವ ಅವಕಾಶ ತಾನಾಗಿ ಒದಗಿತು.

ಮೊದಲು ಹಚ್ಚಿದ್ದು ಶೇ. 17ರ ಸ್ಯಾಲಿಸಿಲಿಕ್ ಆಮ್ಲ. ಪ್ರತಿ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸತ್ತ ಚರ್ಮವನ್ನು ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ನರಹುಲಿಯ ಮೇಲಷ್ಟೇ ಹನಿ ಹಾಕಬೇಕು. ನೋವಿಲ್ಲ, ಆದರೆ ಬೇಸರ ಬಹಳ. ಹನ್ನೆರಡು ವಾರಗಳಲ್ಲಿ ಎರಡೂ ತೆಳುವಾದವೇ ಹೊರತು ಹೋಗಲಿಲ್ಲ.

ಮುಂದಿನದು ಶೈತ್ಯ: ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ನರಹುಲಿಯನ್ನು ಹೆಪ್ಪುಗಟ್ಟಿಸುವುದು, ಮೂರು ವಾರಕ್ಕೊಮ್ಮೆ. ಬೆರಳಿನದು ಎರಡೇ ಸಲಕ್ಕೆ ಉದುರಿತು. ಹಿಮ್ಮಡಿಯದು ನಾಲ್ಕು ಸಲ ಗುಳ್ಳೆಯೆದ್ದು, ಪ್ರತಿ ಬಾರಿಯೂ ಎರಡು ದಿನ ತುದಿಗಾಲಿನಲ್ಲಿ ನಡೆಸಿ, ಮತ್ತೆ ಬೆಳೆಯಿತು. ಇದು ನನ್ನೊಬ್ಬನ ದುರದೃಷ್ಟವಲ್ಲ: ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ನರಹುಲಿಗಳು ಶೈತ್ಯದಿಂದ ಶೇ. 49 ಮಂದಿಯಲ್ಲಿ, ಆಮ್ಲದಿಂದ ಶೇ. 15 ಮಂದಿಯಲ್ಲಿ ಗುಣವಾಗಿದ್ದರೆ, ಅಂಗಾಲಿನವುಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂಗಾಲಿನ ದಪ್ಪ ಚರ್ಮದ ಅಡಿಯಲ್ಲಿ ಅಡಗಿದ ವೈರಸ್ ಸೋಂಕಿತ ಕೋಶಗಳಿಗೆ ಶೀತ ಸರಿಯಾಗಿ ತಲುಪುವುದಿಲ್ಲ ಎಂಬ ವಿವರಣೆ ನನಗೆ ಒಪ್ಪಿಗೆಯಾಯಿತು.

ಆದ್ದರಿಂದಲೇ ಎರಡನ್ನೂ ಜೋಡಿಸಿದ್ದು. ಕೆಲವು ದಿನ ಶೇ. 40ರ ಆಮ್ಲದ ಪಟ್ಟಿ ಅಂಟಿಸಿ, ಬೆಳ್ಳಗೆ ಮೆತ್ತಗಾದ ಪದರವನ್ನು ವೈದ್ಯರು ಅಲಗಿನಿಂದ ಹೆರೆದು, ಅದರ ಮೇಲೆ ಎರಡು ಸುತ್ತು ಹೆಪ್ಪುಗಟ್ಟಿಸುತ್ತಿದ್ದರು. ಗುಳ್ಳೆ ಪೂರ್ತಿ ಒಣಗಿದ ಮೇಲೆ ಮತ್ತೆ ಆಮ್ಲ. ಈ "ಪೂರ್ತಿ" ಎಂಬ ಮಾತನ್ನು ನಾನು ಒಮ್ಮೆ ಅಲಕ್ಷಿಸಿ, ಹಸಿ ಗುಳ್ಳೆಯ ಮೇಲೆ ಪಟ್ಟಿ ಅಂಟಿಸಿ ಹುಣ್ಣು ಮಾಡಿಕೊಂಡು ಹತ್ತು ದಿನ ಕಳೆದುಕೊಂಡೆ. ಉರಿಯ ವಿಷಯದಲ್ಲಿ ಜೋಡಿ ಚಿಕಿತ್ಸೆಯೇ ಮೂರರಲ್ಲಿ ಕಠಿಣ. ಆದರೂ ಐದನೆಯ ಭೇಟಿಯಲ್ಲಿ ಚುಕ್ಕೆಗಳು ಮಾಯವಾಗಿ, ಚರ್ಮದ ಗೆರೆಗಳು ಆ ಜಾಗದ ಮೇಲೆ ಅಡ್ಡಿಯಿಲ್ಲದೆ ಹಾದುಹೋಗಿದ್ದವು. ಗುಣವಾಯಿತೆಂದು ನಂಬಬಹುದಾದ ಗುರುತು ಅದೇ.

ಇದಕ್ಕೂ ಬಗ್ಗದಿದ್ದರೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನೋ ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ತಯಾರಿಸಿದ ಪ್ರತಿಜನಕವನ್ನೋ ನರಹುಲಿಯೊಳಗೇ ಚುಚ್ಚಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಯೋಚನೆ ವೈದ್ಯರಿಗಿತ್ತು. ಅಲ್ಲಿಗೆ ಹೋಗಬೇಕಾಗಲಿಲ್ಲ. ನರಹುಲಿಗಳು ತಾವಾಗಿಯೂ ಮರೆಯಾಗುವುದರಿಂದ ಜೋಡಿ ಚಿಕಿತ್ಸೆಗೆ ಪೂರ್ಣ ಕೀರ್ತಿ ಕೊಡಲು ನಾನು ಹಿಂಜರಿಯುತ್ತೇನೆ. ಆದರೆ ವರ್ಷಗಟ್ಟಲೆ ಅಲುಗದಿದ್ದದ್ದು ನಾಲ್ಕು ತಿಂಗಳೊಳಗೆ ಹೋದದ್ದನ್ನು ಕಾಕತಾಳೀಯವೆನ್ನಲೂ ಮನಸ್ಸಾಗದು.

ಕೈಯ ತೆಳು ಚರ್ಮಕ್ಕೆ ನಾನಾದರೆ ಶೈತ್ಯವೊಂದನ್ನೇ ಆರಿಸುತ್ತೇನೆ, ಅಂಗಾಲಿಗೆ ಜೋಡಿಯನ್ನು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಮಾತ್ರ ಆಮ್ಲದ ಸೀಸೆಯನ್ನೂ ವೈದ್ಯರನ್ನು ಕೇಳದೆ ತೆರೆಯಬಾರದು.