ಬಿ.ಎ.ಗೆ ಸಹ್ಯಾದ್ರಿಯೋ, ಖಾಸಗಿ ಕಾಲೇಜೋ?

ನನ್ನ ಓಟು ಸಹ್ಯಾದ್ರಿಗೆ, ಮೊದಲೇ ಹೇಳಿಬಿಡುತ್ತೇನೆ. ಬಿ.ಎ. ಮೊದಲ ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ಓದಿ, ಆಮೇಲೆ ಶಿವಮೊಗ್ಗದ ಸಹ್ಯಾದ್ರಿ ಕಲಾ ಕಾಲೇಜಿಗೆ ಬಂದವನು ನಾನು.

ಸಿಲೆಬಸ್, ಪರೀಕ್ಷೆ ಎರಡೂ ಕಡೆ ಕುವೆಂಪು ವಿಶ್ವವಿದ್ಯಾಲಯದ್ದೇ. ಕೊನೆಗೆ ಕೈಗೆ ಬರುವ ಪದವಿ ಪತ್ರವೂ ಅದೇ. ಹಾಗಿದ್ದ ಮೇಲೆ ಜಾಸ್ತಿ ದುಡ್ಡು ಯಾತಕ್ಕೆ ಕೊಟ್ಟೆವು ಅಂತ ಅಪ್ಪ ಈಗಲೂ ಕೇಳುತ್ತಾರೆ.

ಕಟ್ಟಡ, ಪ್ರೊಜೆಕ್ಟರ್, ಯೂನಿಫಾರ್ಮ್: ಖಾಸಗಿಯೇ ಮುಂದು.

ನನಗೆ ತಲೆನೋವಾಗಿದ್ದು ಟಿ.ಸಿ. (ವರ್ಗಾವಣೆ ಪತ್ರ). ಖಾಸಗಿ ಕಾಲೇಜಿನವರು ಅಡ್ಮಿಷನ್ ದಿನವೇ ಪಿಯುಸಿ ಒರಿಜಿನಲ್ ಅಂಕಪಟ್ಟಿ ತೆಗೆದಿಟ್ಟುಕೊಂಡಿದ್ದರು. ಕಾಲೇಜು ಬಿಡುತ್ತೇನೆ ಅಂದಾಗ, ಉಳಿದ ವರ್ಷಗಳ ಫೀಸನ್ನೂ ಕಟ್ಟಿ, ಆಮೇಲೆ ಟಿ.ಸಿ. ತಗೊಳ್ಳಿ ಅಂದರು. ಓದದ ವರ್ಷಕ್ಕೆ ಫೀಸು! ಕ್ಲರ್ಕನ್ನು ಕೇಳಿದರೆ ಪ್ರಿನ್ಸಿಪಾಲರ ಕಡೆ ಕೈ ತೋರಿಸುತ್ತಿದ್ದರು, ಪ್ರಿನ್ಸಿಪಾಲರು ಮ್ಯಾನೇಜ್‌ಮೆಂಟ್ ಕಡೆ. ಮ್ಯಾನೇಜ್‌ಮೆಂಟಿನವರು ಮಾತ್ರ ಯಾವತ್ತೂ ಸೀಟಿನಲ್ಲಿ ಇರುತ್ತಿರಲಿಲ್ಲ. ಅಡಿಕೆ ಕೊಯ್ಲು ಬಿಟ್ಟು ಅಪ್ಪ ಬಸ್ಸು ಹತ್ತಿ ಬರುವುದು, ಸಂಜೆ ಬರಿಗೈಲಿ ವಾಪಸ್. ಇತ್ತ ಸಹ್ಯಾದ್ರಿಯಲ್ಲಿ ಸೇರುವ ಕೊನೇ ದಿನ ಹತ್ತಿರ ಬರುತ್ತಿತ್ತು. ಕಡೆಗೆ ಲಿಖಿತವಾಗಿ ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಕೊಡಿ ಅಂತ ಅಲ್ಲೇ ಕೂತೆವು. ಸೀಲು ಒತ್ತಬೇಕು ಅಂದಾಗ ಫೀಸಿನ ಮಾತು ತಣ್ಣಗಾಯಿತು. ಟಿ.ಸಿ. ಸಿಕ್ಕಿತು.

ಇನ್ನು ಸಹ್ಯಾದ್ರಿ. 1940ರಲ್ಲಿ ಮೈಸೂರು ವಿಶ್ವವಿದ್ಯಾಲಯದಡಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಶುರುವಾದದ್ದು. ಈಗ ಕುವೆಂಪು ವಿವಿಯ ಘಟಕ ಕಾಲೇಜು, ಅಂದರೆ ವಿವಿಯೇ ನಡೆಸುವ ಕಾಲೇಜು. ಆದರೆ ಆ ವಿವಿ ಹುಟ್ಟಿದ್ದೇ 1987ರಲ್ಲಿ. ತಾಯಿಗಿಂತ ಮಗಳು 47 ವರ್ಷ ದೊಡ್ಡವಳು! ಅದಕ್ಕೇ ಇರಬೇಕು, ಶಂಕರಘಟ್ಟದಲ್ಲಿ ವಿವಿಯ ಅಷ್ಟು ದೊಡ್ಡ ಕ್ಯಾಂಪಸ್ ಇದ್ದರೂ, ಸಹ್ಯಾದ್ರಿಗೆ ಯಾರದೋ ಕೈಕೆಳಗೆ ಇದ್ದೇನೆ ಅನ್ನುವ ಭಾವನೆಯೇ ಇಲ್ಲ. ನಮ್ಮ ತೀರ್ಥಹಳ್ಳಿ ಕಡೆ ಅಜ್ಜ, ಚಿಕ್ಕಪ್ಪ, ಮೊಮ್ಮಗ ಎಲ್ಲರೂ ಅಲ್ಲೇ ಓದಿದ ಮನೆಗಳಿವೆ.

ಕಲಾ, ವಿಜ್ಞಾನ, ವಾಣಿಜ್ಯ ಈಗ ಬೇರೆ ಬೇರೆ ಕಾಲೇಜುಗಳು, ಆದರೂ ಆವರಣ ಒಂದೇ. ಹಾಗಾಗಿ ಬಿ.ಎಸ್ಸಿ. ಹುಡುಗರ ಜೊತೆ ಮರದ ಕೆಳಗೆ ಸುಮ್ನೆ ಜಗಳ ಆಡಬಹುದು. ನಾನು ಕಲಿತದ್ದರಲ್ಲಿ ಅರ್ಧ ಅಲ್ಲೇ. ಕ್ಲಾಸು ತಪ್ಪಿಸಿದರೆ ಮನೆಗೆ ಮೆಸೇಜ್ ಹೋಗುತ್ತಿರಲಿಲ್ಲ. ನನಗದು ಒಗ್ಗಿತು. ಹಿಂದೆ ಬಿದ್ದು ಓದಿಸುವವರು ಬೇಕು ಅನ್ನುವವರಿಗೆ ಖಾಸಗಿಯೇ ಸರಿ, ಜೇಬೂ ಗಟ್ಟಿ ಇರಬೇಕು ಅಷ್ಟೇ.

ತಂಗಿಗೆ ಸೈನ್ಸ್ ಬೇಕಂತೆ. ಸಹ್ಯಾದ್ರಿ ಫಾರಂ ತಂದಿಟ್ಟಿದ್ದೇನೆ. ಒರಿಜಿನಲ್ ಎಲ್ಲಿ ಕೊಟ್ಟರೂ ರಸೀದಿ ಇಲ್ಲದೆ ಕೊಡಬೇಡ ಅಂತ ಅವಳಿಗೆ ಅಪ್ಪನೇ ಹೇಳಿದ್ದಾರೆ.